ಗರ್ಭಕೋಶದ ಕ್ಯಾನ್ಸರ್ ಆಪರೇಷನ್ ದಿನವೇ ಮೂತ್ರ ಸೋರುವುದಕ್ಕೂ ಆಪರೇಷನ್ ಮಾಡಿಸಬೇಕಾ, ಆಮೇಲೆ ನೋಡಿಕೊಳ್ಳಬಹುದಾ?

ಕ್ಯಾನ್ಸರ್ ಎಂದು ರಿಪೋರ್ಟ್ ಬಂದ ಮನೆಯಲ್ಲಿ ಮೂತ್ರ ಸೋರುವ ವಿಷಯ ಎತ್ತುವವರು ಕಡಿಮೆ. ಎತ್ತಿದರೂ "ಮೊದಲು ಜೀವ ಉಳೀಲಿ, ಅದೆಲ್ಲ ಆಮೇಲೆ" ಅನ್ನುವ ಉತ್ತರ ಬರುತ್ತದೆ. ಮಾತು ತಪ್ಪಲ್ಲ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಹುತೇಕ ಮೊದಲ ಹಂತದಲ್ಲೇ ಗೊತ್ತಾಗುತ್ತದೆ, ಏಕೆಂದರೆ ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೆ ಹೆದರಿ ಡಾಕ್ಟರ ಹತ್ತಿರ ಹೋಗುವವರೇ ಜಾಸ್ತಿ. ಆ ಹಂತದಲ್ಲಿ ಆಪರೇಷನ್ ಆದವರಲ್ಲಿ ಹೆಚ್ಚಿನವರು ಆಮೇಲೆ ಎಷ್ಟೋ ವರ್ಷ ಚೆನ್ನಾಗಿ ಬದುಕುತ್ತಾರೆ. ಅಷ್ಟೂ ವರ್ಷ ಬಸ್ಸು ಹತ್ತುವ ಮುಂಚೆ ನೀರು ಕುಡಿಯದೆ, ನಗು ಬಂದರೆ ಕಾಲು ಒತ್ತಿ ಹಿಡಿದು, ಮದುವೆಮನೆಯಲ್ಲಿ ಮೊದಲು ಟಾಯ್ಲೆಟ್ ಎಲ್ಲಿದೆ ಎಂದು ಹುಡುಕುತ್ತಾ ಕಳೆಯಬೇಕಾ ಅನ್ನುವುದೂ ಪ್ರಶ್ನೆಯೇ ಅಲ್ವಾ?

ನಾನು ಹೇಳುವುದು ಇಷ್ಟು. ಈ ಮಾತನ್ನು ಕ್ಯಾನ್ಸರ್ ಆಪರೇಷನ್‌ಗೆ ಮುಂಚೆಯೇ ಡಾಕ್ಟರ ಹತ್ತಿರ ಎತ್ತಿ. ಎತ್ತಿದ ಮಾತ್ರಕ್ಕೆ ಅದೇ ದಿನ ಮಾಡಿಸಬೇಕು ಅಂತೇನಿಲ್ಲ. ಕೆಲವರಿಗೆ ಒಟ್ಟಿಗೆ ಮಾಡಿಸುವುದು ಒಳ್ಳೆಯದು, ಕೆಲವರಿಗೆ ಅದು ಅಪಾಯ, ಇನ್ನು ಕೆಲವರಿಗೆ ಚಾಕುವೇ ಬೇಡ. ಯಾರಿಗೆ ಯಾವುದು ಅನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಎರಡು ವಿಷಯ: ಯಾವ ಕ್ಯಾನ್ಸರ್, ಮತ್ತು ಆಪರೇಷನ್ ಆದಮೇಲೆ ರೇಡಿಯೇಷನ್, ಅಂದರೆ ನಮ್ಮ ಕಡೆ "ಕರೆಂಟು ಕೊಡಿಸೋದು" ಅಂತಾರಲ್ಲ, ಅದು ಬೇಕಾಗಬಹುದಾ ಇಲ್ಲವಾ.

ಮೊದಲು ನಿಮ್ಮ ತೊಂದರೆ ಯಾವುದು ಅಂತ ಗೊತ್ತಾಗಲಿ

ಮೂತ್ರಚೀಲ, ಗರ್ಭಕೋಶ, ಗುದನಾಳ ಈ ಮೂರನ್ನೂ ಕೆಳಗಿನಿಂದ ಜೋಲಿಯ ಹಾಗೆ ಎತ್ತಿ ಹಿಡಿದಿರುವ ಸ್ನಾಯುಗಳಿಗೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಅದು ಸಡಿಲವಾದಾಗ ಬರುವ ತೊಂದರೆಗಳೆಲ್ಲ ಒಂದೇ ಅಲ್ಲ.

ಕೆಮ್ಮಿದಾಗ, ಸೀನಿದಾಗ, ಬಿಂದಿಗೆ ಎತ್ತಿದಾಗ ಸೋರುವುದು ಒಂದು ಬಗೆ. ಬೀಗ ತೆಗೆಯುವಷ್ಟರಲ್ಲಿ ತಡೆಯಲಾರದೆ ಆಗಿಬಿಡುವುದು ಇನ್ನೊಂದು ಬಗೆ, ಇದು ಅವಸರದ ಮೂತ್ರ. ಗರ್ಭಕೋಶ ಜಾರಿ ಕೆಳಗೆ ಬರುವುದು, ಕೂತಾಗ ಏನೋ ಗಡ್ಡೆ ಸಿಕ್ಕಿಕೊಂಡ ಹಾಗೆ ಅನಿಸುವುದು ಮೂರನೆಯದು. ಮಲ ಹಿಡಿದಿಡಲು ಆಗದಿರುವುದು ನಾಲ್ಕನೆಯದು, ಇದನ್ನಂತೂ ಯಾರೂ ಬಾಯಿಬಿಟ್ಟು ಹೇಳುವುದೇ ಇಲ್ಲ.

ಇದರಲ್ಲಿ ಅವಸರದ ಮೂತ್ರಕ್ಕೆ, ಮೂತ್ರನಾಳದ ಕೆಳಗೆ ಆಸರೆಯ ಪಟ್ಟಿಯಾಗಿ ಟೇಪು ಹಾಕುವ ಆಪರೇಷನ್ ಉಪಯೋಗಕ್ಕೆ ಬರುವುದಿಲ್ಲ. ಮಾಡಿಸಿದರೆ ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ಅದಕ್ಕೆ ಇರುವುದು ಅಭ್ಯಾಸ ಬದಲಿಸುವುದು, ಮಾತ್ರೆ, ಮುಂದುವರಿದರೆ ಮೂತ್ರಚೀಲಕ್ಕೆ ಬೊಟಾಕ್ಸ್ ಇಂಜೆಕ್ಷನ್. ಹಾಗಾಗಿ "ನನಗೆ ಮೂತ್ರ ಸೋರುತ್ತೆ" ಎಂದಷ್ಟೇ ಹೇಳಿ ಒಟ್ಟಿಗೆ ಆಪರೇಷನ್‌ಗೆ ಒಪ್ಪಿಕೊಂಡರೆ, ತಪ್ಪು ಬೀಗಕ್ಕೆ ಕೀಲಿ ಹಾಕಿಸಿಕೊಳ್ಳುವ ಸಾಧ್ಯತೆ ಇದೆ. ಮೂರು ದಿನ ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಕುಡಿದಿರಿ, ಯಾವಾಗ ಸೋರಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಪರೀಕ್ಷೆಯೂ ದೊಡ್ಡದೇನಲ್ಲ. ಮೂತ್ರಚೀಲ ತುಂಬಿರುವಾಗ ಮಲಗಿಸಿ ಅಥವಾ ನಿಲ್ಲಿಸಿ, "ಅಮ್ಮಾ, ಜೋರಾಗಿ ಒಂದು ಸಲ ಕೆಮ್ಮಿ" ಎನ್ನುತ್ತಾರೆ. ಆ ಕ್ಷಣಕ್ಕೆ ಚಿಮ್ಮಿದರೆ ಮೊದಲ ಬಗೆ. ಅತ್ತೆಯ ಜೊತೆ ಸೊಸೆ ನಿಂತಿದ್ದರೆ ಅತ್ತೆ ಕೆಮ್ಮುವುದೂ ಇಲ್ಲ, ಹೇಳುವುದೂ ಇಲ್ಲ. ಅಷ್ಟು ಹೊತ್ತು ಸೊಸೆ ಆಚೆ ಇದ್ದರೆ ಒಳ್ಳೆಯದು. ಗರ್ಭಕೋಶ ಪೂರ್ತಿ ಜಾರಿದವರಲ್ಲಿ ಒಂದು ವಿಚಿತ್ರ ಇದೆ. ಅವರಿಗೆ ಸೋರುವುದೇ ಇಲ್ಲದಿರಬಹುದು, ಏಕೆಂದರೆ ಜಾರಿದ ಭಾಗದ ಜೊತೆ ಮೂತ್ರನಾಳವೂ ಮಡಚಿಕೊಂಡಿರುತ್ತದೆ. ಮೇಲಕ್ಕೆತ್ತಿ ಹೊಲಿದ ಮೇಲೆ ಮಡಿಕೆ ಬಿಚ್ಚಿ ಸೋರಲು ಶುರುವಾಗುತ್ತದೆ. ಅದಕ್ಕೇ ಜಾರಿದ್ದನ್ನು ಒಳಗೆ ತಳ್ಳಿ ಹಿಡಿದು ಕೆಮ್ಮಿಸಿ ನೋಡಬೇಕು. ಇದನ್ನು ನೋಡಿದ್ದಾರಾ ಅಂತ ಕೇಳಿ.

ಕ್ಯಾನ್ಸರ್, ಮೂತ್ರದ ತೊಂದರೆ ಎರಡೂ ಒಬ್ಬರಿಗೇ ಏಕೆ ಬರುತ್ತದೆ?

ವಯಸ್ಸು ಮತ್ತು ತೂಕ. ಮೈ ಕೊಬ್ಬು ಜಾಸ್ತಿಯಾದರೆ ದೇಹದಲ್ಲಿ ಈಸ್ಟ್ರೊಜೆನ್ ಜಾಸ್ತಿಯಾಗಿ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗುತ್ತದೆ. ಅದೇ ಭಾರ ಕೆಳಗಿನ ಸ್ನಾಯುವಿನ ಮೇಲೆ ಕೂತು ಮೂತ್ರವೂ ಸೋರುತ್ತದೆ. ಆದರೆ ಹೆರಿಗೆಯ ಲೆಕ್ಕ ಉಲ್ಟಾ. ಹೆರಿಗೆ ಜಾಸ್ತಿ ಆದವರಿಗೆ ಗರ್ಭಕೋಶ ಜಾರುವ ಸಾಧ್ಯತೆ ಜಾಸ್ತಿ, ಒಳಪದರದ ಕ್ಯಾನ್ಸರ್ ಸಾಧ್ಯತೆ ಮಾತ್ರ ಕಡಿಮೆ.

ಯಾವ ಕ್ಯಾನ್ಸರ್ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ

ಗರ್ಭಕೋಶದ ಒಳಪದರದ ಕ್ಯಾನ್ಸರ್, ಮೊದಲ ಹಂತ, ಬಯಾಪ್ಸಿಯಲ್ಲಿ (ಚೂರು ತೆಗೆದು ಮಾಡುವ ಪರೀಕ್ಷೆ) ಕಡಿಮೆ ಗ್ರೇಡ್, ಅಂದರೆ ನಿಧಾನವಾಗಿ ಬೆಳೆಯುವ ಬಗೆ. ಒಟ್ಟಿಗೆ ಮಾಡಿಸುವ ಬಗ್ಗೆ ಧೈರ್ಯವಾಗಿ ಮಾತಾಡಬಹುದಾದ ಗುಂಪು ಇದೇ. ಇಲ್ಲಿ ಮಾಡುವುದು ಗರ್ಭಕೋಶ, ಅಂಡನಾಳ, ಅಂಡಾಶಯ ತೆಗೆದು, ಬೇಕಾದರೆ ಲಿಂಫ್ ಗ್ರಂಥಿಗಳನ್ನು ಪರೀಕ್ಷೆಗೆ ತೆಗೆಯುವುದು. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಅಂದರೆ ಕೀಹೋಲ್‌ನಲ್ಲೇ ಆಗುತ್ತದೆ. ಮೂತ್ರಚೀಲದ ನರಗಳಿಗೆ ಅಷ್ಟಾಗಿ ಕೈ ತಾಗುವುದಿಲ್ಲ. ಎಷ್ಟೋ ಜನಕ್ಕೆ ಆಮೇಲೆ ರೇಡಿಯೇಷನ್ ಬೇಕಾಗುವುದೂ ಇಲ್ಲ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇರೆಯೇ ಕತೆ. ಭಾರತದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸ್ತನದ್ದು ಬಿಟ್ಟರೆ ಇದೇ ಎರಡನೆಯದು, 2022ರ ಅಂದಾಜಿನಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು. ಇವರಲ್ಲಿ ತಡವಾಗಿ ಬಂದವರಿಗೆ ಆಪರೇಷನ್ನೇ ಇಲ್ಲ, ಕರೆಂಟು ಮತ್ತು ಕೀಮೋ ಒಟ್ಟಿಗೆ ಕೊಡುತ್ತಾರೆ. ಬೇಗ ಸಿಕ್ಕವರಿಗೆ ಮಾಡುವ ರ್ಯಾಡಿಕಲ್ ಆಪರೇಷನ್‌ನಲ್ಲಿ ಗರ್ಭಕೋಶದ ಅಕ್ಕಪಕ್ಕದ ಅಂಗಾಂಶವನ್ನೂ ಅಗಲವಾಗಿ ತೆಗೆಯಬೇಕು, ಮೂತ್ರಚೀಲಕ್ಕೆ ಹೋಗುವ ನರಗಳು ಅದರೊಳಗೇ ಹಾದು ಹೋಗುತ್ತವೆ. ಹಾಗಾಗಿ ಆಪರೇಷನ್ ಆದಮೇಲೆ ಮೂತ್ರ ಬಂದಿದ್ದೇ ಗೊತ್ತಾಗದಿರುವುದು, ಪೂರ್ತಿ ಖಾಲಿಯಾಗದಿರುವುದು, ಪೈಪು ಹಾಕಿಕೊಂಡೇ ಮನೆಗೆ ಹೋಗುವುದು ಇವೆಲ್ಲ ಇದ್ದದ್ದೇ. ಮೊದಲೇ ಖಾಲಿಯಾಗಲು ಒದ್ದಾಡುವ ಮೂತ್ರಚೀಲದ ಬಾಯಿಗೆ ಅದೇ ದಿನ ಟೇಪು ಹಾಕಿ ಇನ್ನಷ್ಟು ಬಿಗಿ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ನರ ಉಳಿಸಿ ಮಾಡುವ ವಿಧಾನವೂ ಇದೆ, ಅದು ನಿಮಗೆ ಆಗುತ್ತಾ ಎಂದು ಕೇಳುವುದರಲ್ಲಿ ಹೆಚ್ಚು ಲಾಭ.

ಇನ್ನೂ ಒಂದು ವಿಷಯ ಕೇಳಿ. 2024ರಲ್ಲಿ ಪ್ರಕಟವಾದ ಶೇಪ್ ಎಂಬ ದೊಡ್ಡ ಅಧ್ಯಯನದಲ್ಲಿ, 2 ಸೆಂ.ಮೀ.ಗಿಂತ ದೊಡ್ಡದಲ್ಲದ, ಅಪಾಯ ಕಡಿಮೆ ಇರುವ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇದ್ದ 700 ಹೆಂಗಸರನ್ನು ಎರಡು ಗುಂಪು ಮಾಡಿದರು. ಅರ್ಧ ಜನಕ್ಕೆ ರ್ಯಾಡಿಕಲ್, ಅರ್ಧ ಜನಕ್ಕೆ ಮಾಮೂಲಿ ಗರ್ಭಕೋಶ ತೆಗೆಯುವ ಆಪರೇಷನ್. ಮೂರು ವರ್ಷದಲ್ಲಿ ಕಿಬ್ಬೊಟ್ಟೆಯಲ್ಲಿ ರೋಗ ಮರಳಿದ್ದು ಮಾಮೂಲಿಯಲ್ಲಿ ಶೇ. 2.52, ರ್ಯಾಡಿಕಲ್‌ನಲ್ಲಿ ಶೇ. 2.17, ಅಂದರೆ ಹೆಚ್ಚುಕಡಿಮೆ ಒಂದೇ. ಆದರೆ ನಾಲ್ಕು ವಾರ ಕಳೆದ ಮೇಲೂ ಮೂತ್ರ ಸೋರುವ ತೊಂದರೆ ಇದ್ದದ್ದು ಮಾಮೂಲಿಯಲ್ಲಿ ಶೇ. 4.7, ರ್ಯಾಡಿಕಲ್‌ನಲ್ಲಿ ಶೇ. 11. ಮೂತ್ರ ಕಟ್ಟಿಕೊಳ್ಳುವುದು ಶೇ. 0.6ಕ್ಕೆ ಎದುರು ಶೇ. 9.9. ಅಂದರೆ ನಿಮ್ಮ ಗಡ್ಡೆ ಅಷ್ಟು ಚಿಕ್ಕದಾಗಿದ್ದರೆ, ಜೊತೆಗೆ ಇನ್ನೊಂದು ಆಪರೇಷನ್ ಸೇರಿಸುವ ಮಾತಿಗಿಂತ ಮುಂಚೆ, ಮೊದಲ ಆಪರೇಷನ್ನನ್ನೇ ಚಿಕ್ಕದು ಮಾಡಬಹುದಾ ಎಂದು ಕೇಳಬೇಕು.

ಹಾಗೆಯೇ "ಕೀಹೋಲ್‌ನಲ್ಲಿ ಎಲ್ಲಾ ಒಟ್ಟಿಗೆ ಮುಗಿಸಿಬಿಡೋಣ" ಎಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ನಲ್ಲಿ ಸ್ವಲ್ಪ ತಡೆದು ಯೋಚಿಸಿ. 2018ರಲ್ಲಿ ಬಂದ ಅಧ್ಯಯನದಲ್ಲಿ ಕೀಹೋಲ್‌ನಲ್ಲಿ ರ್ಯಾಡಿಕಲ್ ಮಾಡಿಸಿಕೊಂಡವರಿಗೆ ಹೊಟ್ಟೆ ತೆರೆದು ಮಾಡಿಸಿಕೊಂಡವರಿಗಿಂತ ರೋಗ ಮರಳಿದ್ದು ಜಾಸ್ತಿ, ಬದುಕುಳಿದವರೂ ಕಡಿಮೆ. ಒಳಪದರದ ಕ್ಯಾನ್ಸರ್‌ಗೆ ಈ ಮಾತು ಅನ್ವಯಿಸುವುದಿಲ್ಲ.

ಅಂಡಾಶಯದ ಕ್ಯಾನ್ಸರ್‌ನಲ್ಲಿ ನನ್ನ ಉತ್ತರ ಚಿಕ್ಕದು: ಅದೇ ದಿನ ಬೇಡ. ಆ ಆಪರೇಷನ್ನೇ ಗಂಟೆಗಟ್ಟಲೆ ಹಿಡಿಯುತ್ತದೆ, ಕೆಲವು ವಾರಗಳಲ್ಲಿ ಕೀಮೋ ಶುರುವಾಗಬೇಕು, ಗಾಯ ಸೋಂಕಾಗಿ ಕೀಮೋ ಮುಂದೆ ಹೋದರೆ ಕಳೆದುಕೊಳ್ಳುವುದು ದೊಡ್ಡದು. ಹೊಟ್ಟೆಯಲ್ಲಿ ನೀರು ತುಂಬಿದ ಒತ್ತಡಕ್ಕೇ ಕೆಲವರಿಗೆ ಗರ್ಭಕೋಶ ಜಾರಿರುತ್ತದೆ, ನೀರು ಇಳಿದ ಮೇಲೆ ತೊಂದರೆಯೂ ಎಷ್ಟೋ ಇಳಿಯುತ್ತದೆ.

ಒಟ್ಟಿಗೆ ಮಾಡಿಸಿದರೆ

ಒಂದೇ ಅರಿವಳಿಕೆ, ಒಂದೇ ಸಲ ಆಸ್ಪತ್ರೆ, ಮಗಳು ಒಂದೇ ಸಲ ರಜೆ ಹಾಕಿ ಬಂದು ನೋಡಿಕೊಳ್ಳುವುದು. ಊರಿಂದ ನಾಲ್ಕೈದು ಗಂಟೆ ಪ್ರಯಾಣ ಮಾಡಿ ಬರುವವರಿಗೆ ಇದು ಸಣ್ಣ ಲಾಭವಲ್ಲ. ಕಷ್ಟ ಅಂದರೆ ಟೇಬಲ್ ಮೇಲೆ ಜಾಸ್ತಿ ಹೊತ್ತು, ಮೂತ್ರದ ಸೋಂಕು, ಪೈಪು ತೆಗೆದ ಮೇಲೆ ಮೂತ್ರ ಬರದೆ ಮತ್ತೆ ಹಾಕಿಸಿಕೊಳ್ಳುವುದು. ಇದೆಲ್ಲಕ್ಕಿಂತ ದೊಡ್ಡ ತೊಡಕು ಒಂದಿದೆ. ರೇಡಿಯೇಷನ್ ಬೇಕಾ ಬೇಡವಾ ಅನ್ನುವುದು ಗೊತ್ತಾಗುವುದು ತೆಗೆದ ಗರ್ಭಕೋಶದ ಪೆಥಾಲಜಿ ರಿಪೋರ್ಟ್ ಬಂದ ಮೇಲೆ. ಟೇಪು ಹಾಕುವುದು ಆಪರೇಷನ್ ದಿನ, ರಿಪೋರ್ಟ್ ಬರುವುದು ಆಮೇಲೆ. ಪ್ಲಾಸ್ಟಿಕ್ ಟೇಪು ಅಥವಾ ಜಾರಿದ್ದನ್ನು ಎತ್ತಿ ಹಿಡಿಯಲು ಇಡುವ ಜಾಲರಿ ಇರುವ ಜಾಗಕ್ಕೆ ರೇಡಿಯೇಷನ್ ಬಿದ್ದರೆ ಅಂಗಾಂಶ ತೆಳುವಾಗಿ ಟೇಪು ಹೊರಗೆ ಇಣುಕುವ ಭಯ ಇರುತ್ತದೆ.

ಹಾಗಾಗಿ "ಜೊತೆಗೆ ಮಾಡೋದು" ಅಂದರೆ ಏನು ಮಾಡುತ್ತಾರೆ ಎಂದು ಬಿಡಿಸಿ ಕೇಳಬೇಕು. ಇದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ತುಂಬಾ ವ್ಯತ್ಯಾಸ.

ಗರ್ಭಕೋಶ ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಅಲ್ಲೇ ಇರುವ ಗಟ್ಟಿ ಲಿಗಮೆಂಟ್‌ಗಳಿಗೆ ದಾರದಿಂದ ಹೊಲಿದು ನಿಲ್ಲಿಸುವುದು ಇದೆಯಲ್ಲ, ಇದಕ್ಕೆ ಜಾಲರಿ ಬೇಡ, ಹೊತ್ತೂ ಜಾಸ್ತಿ ಬೇಡ. ಈಗಾಗಲೇ ಜಾರಿರುವವರು ಇದನ್ನು ಕೇಳಿಯೇ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಅದೂ ಶಾಶ್ವತ ಅಲ್ಲ. 2014ರಲ್ಲಿ ಬಂದ ಒಂದು ಅಮೆರಿಕದ ಅಧ್ಯಯನದಲ್ಲಿ ಇಂಥ ಹೊಲಿಗೆಯ ಎರಡು ವಿಧಾನ ಹೋಲಿಸಿದಾಗ, ಎರಡು ವರ್ಷಕ್ಕೆ ಎರಡರಲ್ಲೂ ಗೆಲುವು ನೂರಕ್ಕೆ 64ರ ಆಸುಪಾಸು. ಯೋನಿಯ ಮುಂದಿನ, ಹಿಂದಿನ ಗೋಡೆಯ ಹೊಲಿಗೆಯೂ ಇದೇ ಸಾಲಿನದು, ಸ್ವಂತ ಅಂಗಾಂಶದಿಂದಲೇ ಆಗುವಂಥದ್ದು. ಒಂದು ಎಚ್ಚರ: ಆಮೇಲೆ ಯೋನಿಯ ಒಳಗಿನಿಂದ ರೇಡಿಯೇಷನ್ ಕೊಡಬೇಕಾಗಬಹುದು, ಆದ್ದರಿಂದ ದಾರಿ ತೀರಾ ಕಿರಿದಾಗುವಂತೆ ಬಿಗಿಯಬಾರದು.

ಮೂತ್ರನಾಳದ ಕೆಳಗೆ ಹಾಕುವ ಟೇಪು, ಅಂದರೆ ಸ್ಲಿಂಗ್. ಸುಮಾರು 1 ಸೆಂ.ಮೀ. ಅಗಲದ ಪಾಲಿಪ್ರೊಪಿಲೀನ್ ಪಟ್ಟಿ. ಕ್ಯಾನ್ಸರ್ ಇಲ್ಲದವರಲ್ಲಿ ಒಳ್ಳೆಯ ಫಲ ಕೊಟ್ಟಿದೆ. 2012ರ ಓಪಸ್ ಅಧ್ಯಯನದಲ್ಲಿ ಜಾರಿದ್ದನ್ನು ಸರಿಮಾಡುವಾಗ ಜೊತೆಗೆ ಸ್ಲಿಂಗ್ ಹಾಕಿದವರಲ್ಲಿ ವರ್ಷದ ಕೊನೆಗೆ ಶೇ. 27.3 ಜನಕ್ಕೆ ಸೋರುತ್ತಿತ್ತು, ಹಾಕದವರಲ್ಲಿ ಶೇ. 43. ಒಬ್ಬರಿಗೆ ಸೋರುವುದನ್ನು ತಪ್ಪಿಸಲು ಸುಮಾರು ಆರು ಜನಕ್ಕೆ ಹಾಕಬೇಕಾಯಿತು. ಆದರೆ ಸ್ಲಿಂಗ್ ಹಾಕಿದ ಗುಂಪಿನಲ್ಲಿ ಶೇ. 6.7 ಜನಕ್ಕೆ ಮೂತ್ರಚೀಲಕ್ಕೆ ತೂತು ಬಿತ್ತು, ಮೂತ್ರದ ಸೋಂಕು ಶೇ. 31, ಹಾಕದವರಲ್ಲಿ ಶೇ. 18. ಈ ಅಂಕಿಗಳು ಕ್ಯಾನ್ಸರ್ ರೋಗಿಗಳದ್ದಲ್ಲ ಅನ್ನುವುದು ನೆನಪಿರಲಿ. ಆದರೂ ಲಾಭ ನಷ್ಟ ಎರಡೂ ಎಷ್ಟರ ಮಟ್ಟಿಗೆ ಅನ್ನುವ ಅಂದಾಜು ಸಿಗುತ್ತದೆ.

ಪ್ಲಾಸ್ಟಿಕ್ ಬೇಡ ಅನ್ನುವವರಿಗೆ ಎರಡು ಹಳೆಯ ದಾರಿ ಇವೆ. ಹೊಟ್ಟೆಯ ಅಥವಾ ತೊಡೆಯ ಸ್ವಂತ ಪೊರೆಯನ್ನೇ ಪಟ್ಟಿಯಾಗಿ ಕತ್ತರಿಸಿ ಹಾಕುವುದು ಒಂದು. ಮೂತ್ರಚೀಲದ ಕುತ್ತಿಗೆಯ ಪಕ್ಕವನ್ನು ಮೇಲಕ್ಕೆ ಹೊಲಿದು ನಿಲ್ಲಿಸುವ ಬರ್ಚ್ ಆಪರೇಷನ್ ಇನ್ನೊಂದು. 2007ರಲ್ಲಿ ಇವೆರಡನ್ನೂ ಹೋಲಿಸಿದಾಗ ಸೋರುವುದು ನಿಲ್ಲುವುದರಲ್ಲಿ ಸ್ವಂತ ಪಟ್ಟಿ ಮುಂದಿತ್ತು, ಶೇ. 66ಕ್ಕೆ ಎದುರು ಬರ್ಚ್‌ನದು ಶೇ. 49. ಆದರೆ ಮೂತ್ರ ಹೋಗಲು ಕಷ್ಟ, ಸೋಂಕು ಇವೂ ಸ್ವಂತ ಪಟ್ಟಿ ಹಾಕಿದವರಿಗೇ ಜಾಸ್ತಿ. ಹೇಗೂ ಹೊಟ್ಟೆ ತೆರೆದು ಕ್ಯಾನ್ಸರ್ ಆಪರೇಷನ್ ಮಾಡುವವರಿದ್ದರೆ ಬರ್ಚ್ ಅದೇ ಗಾಯದಲ್ಲಿ ಮುಗಿಯುತ್ತದೆ. ಆದರೆ ಇವನ್ನು ಕೈಯಾರೆ ಮಾಡಿ ರೂಢಿ ಇರುವ ಡಾಕ್ಟರು ಸಿಗಬೇಕು.

ಬೆನ್ನುಮೂಳೆಯ ಕೆಳತುದಿಗೆ ಜಾಲರಿ ಕಟ್ಟಿ ಯೋನಿಯನ್ನು ಎತ್ತುವ ಆಪರೇಷನ್, ಸ್ಯಾಕ್ರೊಕಾಲ್ಪೊಪೆಕ್ಸಿ, ಜಾರುವ ತೊಂದರೆಗೆ ಗಟ್ಟಿ ಪರಿಹಾರ ನಿಜ. ಆದರೆ ಕ್ಯಾನ್ಸರ್ ಆಪರೇಷನ್ ದಿನ, ರಿಪೋರ್ಟ್ ಕೈಗೆ ಬರುವ ಮುಂಚೆ ಇಷ್ಟು ದೊಡ್ಡ ಜಾಲರಿ ಒಳಗಿಡಲು ನಾನು ಒಪ್ಪುವುದಿಲ್ಲ. ಯೋನಿಯೊಳಗಿಂದ ಹಾಕುವ ಜಾಲರಿಯ ವಿಷಯ ಬೇರೆ. ಅಮೆರಿಕದಲ್ಲಿ 2019ರಲ್ಲಿ ಜಾರುವ ತೊಂದರೆಗೆ ಅದರ ಮಾರಾಟವನ್ನೇ ನಿಲ್ಲಿಸಿದರು. ಮೂತ್ರಕ್ಕೆ ಹಾಕುವ ಚಿಕ್ಕ ಸ್ಲಿಂಗ್ ಆ ಆದೇಶದೊಳಗೆ ಬರಲಿಲ್ಲ. ಜನ ಇವೆರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗುತ್ತಾರೆ.

ಇನ್ನು ವಯಸ್ಸಾದವರಿಗೆ, ಸಂಸಾರದ ಸಂಬಂಧ ಬೇಡವಾದವರಿಗೆ ಯೋನಿಯನ್ನೇ ಹೊಲಿದು ಮುಚ್ಚುವ ಆಪರೇಷನ್ ಇದೆ. ಸುಲಭ, ಬೇಗ ಮುಗಿಯುತ್ತದೆ, ಮತ್ತೆ ಜಾರುವುದು ತೀರಾ ಕಡಿಮೆ. ಆದರೆ ಒಳಪದರದ ಕ್ಯಾನ್ಸರ್ ಮರಳಿ ಬಂದರೆ ಆಪರೇಷನ್ ಆದ ಜಾಗದಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಯೋನಿಯ ಮೇಲ್ತುದಿಯಲ್ಲೇ. ಬಾಗಿಲು ಹಾಕಿಬಿಟ್ಟರೆ ಡಾಕ್ಟರು ನೋಡುವುದು ಎಲ್ಲಿಂದ? ಯೋನಿಯೊಳಗಿನ ರೇಡಿಯೇಷನ್ ಕೊಡುವುದು ಎಲ್ಲಿಂದ? ಈ ರೇಡಿಯೇಷನ್ ಚಿಲ್ಲರೆಯದ್ದಲ್ಲ. 2010ರ ಪೋರ್ಟೆಕ್-2 ಅಧ್ಯಯನದಲ್ಲಿ ಹೊರಗಿನಿಂದ ಇಡೀ ಕಿಬ್ಬೊಟ್ಟೆಗೆ ಕೊಡುವುದಕ್ಕೂ ಯೋನಿಯೊಳಗೆ ಮಾತ್ರ ಕೊಡುವುದಕ್ಕೂ ಯೋನಿಯಲ್ಲಿ ರೋಗ ಮರಳುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಭೇದಿಯಂಥ ಕಾಟ ಮಾತ್ರ ಒಳಗಿಂದ ಕೊಟ್ಟವರಲ್ಲಿ ಕಡಿಮೆ. ಬಾಗಿಲು ಮುಚ್ಚಿದರೆ ಈ ಹಗುರ ದಾರಿಯೂ ಮುಚ್ಚುತ್ತದೆ.

ಆಮೇಲೆ ಮಾಡಿಸಿದರೆ

ಇದರ ಬಲ ಅಂದರೆ ರಿಪೋರ್ಟ್ ಕೈಯಲ್ಲಿರುತ್ತದೆ. ರೇಡಿಯೇಷನ್ ಬೇಕಿಲ್ಲ ಎಂದಾದರೆ ಗಾಯ ಮಾಗಿದ ಮೇಲೆ ನಿಧಾನವಾಗಿ ಯೋಚಿಸಿ ಮಾಡಿಸಬಹುದು. ಗರ್ಭಕೋಶದ ಜೊತೆ ದೊಡ್ಡ ಗಡ್ಡೆಯೂ ಹೋದರೆ ಕೆಲವರಿಗೆ ಮೂತ್ರದ ತೊಂದರೆ ತಾನೇ ತಗ್ಗುತ್ತದೆ, ಕೆಲವರಿಗೆ ಹೊಸದಾಗಿ ಶುರುವಾಗುತ್ತದೆ, ಎರಡೂ ನೋಡಿಕೊಂಡು ಮುಂದಿನ ಹೆಜ್ಜೆ.

ದೌರ್ಬಲ್ಯವೂ ಇದೆ. "ಆಮೇಲೆ" ಎಂದು ಹೇಳಿಸಿಕೊಂಡವರಲ್ಲಿ ಎಷ್ಟೋ ಜನ ಮತ್ತೆ ಆ ಮಾತೇ ಎತ್ತುವುದಿಲ್ಲ. ಇನ್ನೊಂದು ಸಲ ಮೈ ಕೊಯ್ಸಿಕೊಳ್ಳುವ ಧೈರ್ಯ ಇರುವುದಿಲ್ಲ, ಮನೆಯವರಿಗೂ ಸಾಕಾಗಿರುತ್ತದೆ. ರೇಡಿಯೇಷನ್ ಆಗಿಬಿಟ್ಟರೆ ಆ ಜಾಗದ ಅಂಗಾಂಶ ಗಡುಸಾಗಿ, ರಕ್ತ ಓಡಾಟ ಕಡಿಮೆಯಾಗಿ ಹೊಲಿಗೆ ಕೂಡುವುದು ಕಷ್ಟ. ಮೂತ್ರಚೀಲ ಹಿಗ್ಗುವುದೂ ಕಡಿಮೆಯಾಗಿ ಅವಸರದ ಮೂತ್ರ ಜಾಸ್ತಿಯಾಗುತ್ತದೆ. ಅದಕ್ಕೇ "ಆಮೇಲೆ" ಎಂದರೆ ಯಾವಾಗ, ಯಾರ ಹತ್ತಿರ ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯಲ್ಲಿಯೇ ಬರೆಸಿಕೊಳ್ಳಿ.

ಇಲ್ಲಿ ಒಂದು ಗಂಭೀರ ಮಾತು. ಆಪರೇಷನ್ ಅಥವಾ ರೇಡಿಯೇಷನ್ ಆದಮೇಲೆ ಕೆಮ್ಮದೆ, ಅವಸರವೂ ಇಲ್ಲದೆ, ಮಲಗಿದ್ದಾಗಲೂ ಹಗಲು ರಾತ್ರಿ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ ಅದು ಸ್ನಾಯು ಸಡಿಲವಾಗಿ ಆಗುವ ಸೋರಿಕೆಯಲ್ಲ. ಮೂತ್ರಚೀಲಕ್ಕೋ, ಮೂತ್ರಪಿಂಡದಿಂದ ಮೂತ್ರ ತರುವ ಮೂತ್ರವಾಹಿನಿಗೋ ಯೋನಿಯ ಕಡೆ ತೂತು ಬಿದ್ದಿರಬಹುದು, ಫಿಸ್ಟುಲಾ ಎನ್ನುತ್ತಾರೆ. ವ್ಯಾಯಾಮ ಮಾಡುತ್ತಾ ಕೂರಬೇಡಿ, ಕೂಡಲೇ ತೋರಿಸಿ.

ಚಾಕು ಇಲ್ಲದ ದಾರಿ

ಇದನ್ನು ಬಡವರ ದಾರಿ ಅಂತ ನೋಡುವುದು ತಪ್ಪು. ಅಂಡಾಶಯದ ಕ್ಯಾನ್ಸರ್ ಇರುವವರಿಗೆ, ಹೃದಯ ಅಥವಾ ಶ್ವಾಸಕೋಶ ದುರ್ಬಲ ಇರುವವರಿಗೆ, ರೇಡಿಯೇಷನ್ ಖಚಿತ ಎಂದು ಗೊತ್ತಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕೆಳಗಿನ ಸ್ನಾಯುವಿನ ವ್ಯಾಯಾಮ, ಕೀಗಲ್ ಅಂತ ಎಲ್ಲರೂ ಕೇಳಿರುತ್ತೀರಿ. ನಾಲ್ಕು ಜನರ ನಡುವೆ ಗಾಳಿ ಬರುವ ಹಾಗಾದರೆ ಹೇಗೆ ತಡೆಯುತ್ತೀರೋ ಆ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆದು ಹಿಡಿಯುವುದು. ಉಸಿರು ಬಿಗಿ ಹಿಡಿಯಬಾರದು, ತೊಡೆ, ಪೃಷ್ಠ ಬಿಗಿಯಬಾರದು. ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಸಲ, ಮೂರು ತಿಂಗಳು. ಒಂದು ವಾರ ಮಾಡಿ ಬಿಟ್ಟು "ಏನೂ ಆಗಲಿಲ್ಲ" ಎನ್ನುವುದೇ ಜಾಸ್ತಿ. ಫಿಸಿಯೋಥೆರಪಿ ಕಲಿತವರು ಕೈಯಿಟ್ಟು ಸರಿಯಾದ ಸ್ನಾಯು ಬಿಗಿಯುತ್ತಿದೆಯಾ ಎಂದು ನೋಡಿ ಹೇಳಿಕೊಟ್ಟರೆ ಗೆಲ್ಲುವ ಸಾಧ್ಯತೆ ಜಾಸ್ತಿ. ಆಪರೇಷನ್ ಆದವರು ಪೈಪು ತೆಗೆದ ಮೇಲೆ, ಡಾಕ್ಟರು ಹೂಂ ಅಂದ ಮೇಲೆ ಶುರು ಮಾಡಿ.

ತೂಕ. 2009ರ ಪ್ರೈಡ್ ಅಧ್ಯಯನದಲ್ಲಿ ಮೈತೂಕ ಶೇ. 8ರಷ್ಟು ಇಳಿಸಿದವರಿಗೆ ಆರು ತಿಂಗಳಲ್ಲಿ ವಾರಕ್ಕೆ ಸೋರುವ ಸಲಗಳು ಶೇ. 47 ಕಡಿಮೆಯಾದವು, ಹೋಲಿಕೆಯ ಗುಂಪಿನಲ್ಲಿ ಶೇ. 28. 80 ಕೆ.ಜಿ. ಇರುವವರಿಗೆ ಶೇ. 8 ಅಂದರೆ ಆರೂವರೆ ಕೆ.ಜಿ.

ರಿಂಗ್ ಪೆಸರಿ. ಜಾರುವ ಗರ್ಭಕೋಶವನ್ನು ಒಳಗಿನಿಂದ ಎತ್ತಿ ಹಿಡಿಯುವ ಬಳೆ. ಸರಿಯಾದ ಅಳತೆಯದು ಸಿಕ್ಕರೆ ಅದು ಇರುವುದೇ ಮರೆತುಹೋಗುತ್ತದೆ, ಅದೇ ಅದರ ಅಪಾಯವೂ ಹೌದು, ವರ್ಷಗಟ್ಟಲೆ ತೆಗೆಯದೆ ಬಿಟ್ಟು ಮಾಂಸ ಬೆಳೆದುಕೊಂಡು ಬರುವವರಿದ್ದಾರೆ. ತೆಗೆದು ಸೋಪಿನ ನೀರಲ್ಲಿ ತೊಳೆದು ಹಾಕಿಕೊಳ್ಳುವುದನ್ನು ಕಲಿಯಬೇಕು, ಆಗದಿದ್ದರೆ ಕೆಲವು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಮಾಡಿಸಬೇಕು. ಆಪರೇಷನ್ ತಾರೀಕು ಬರುವವರೆಗೆ ಕಾಯುವವರಿಗೂ ಇದು ಒಳ್ಳೆಯ ಆಸರೆ. ಗರ್ಭಕೋಶ ತೆಗೆದ ಮೇಲಾದರೆ ಮೇಲ್ತುದಿಯ ಹೊಲಿಗೆ ಪೂರ್ತಿ ಮಾಗುವ ತನಕ ಹಾಕಬಾರದು. ಪೆಸರಿ ಜೊತೆ ಹಚ್ಚಲು ಕೊಡುವ ಈಸ್ಟ್ರೊಜೆನ್ ಕ್ರೀಮನ್ನು ಒಳಪದರದ ಕ್ಯಾನ್ಸರ್ ಇದ್ದವರು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಿಕೊಳ್ಳಬೇಡಿ. ಅಂಗಡಿಯಲ್ಲಿ ಸುಮ್ನೆ ಕೇಳಿ ತಂದುಬಿಡುತ್ತಾರೆ.

ಅವಸರದ ಮೂತ್ರಕ್ಕೆ ಸಾಲಿಫೆನಾಸಿನ್, ಮಿರಾಬೆಗ್ರಾನ್ ಥರದ ಮಾತ್ರೆಗಳಿವೆ. ಮೊದಲನೆಯದರಲ್ಲಿ ಬಾಯಿ ಒಣಗುವುದು, ಮಲಬದ್ಧತೆ ಬರುತ್ತದೆ, ವಯಸ್ಸಾದವರಿಗೆ ಮರೆವು ಗೊಂದಲವೂ ಆಗಬಹುದು. ಎರಡನೆಯದರಲ್ಲಿ ಬಿಪಿ ನೋಡಿಕೊಳ್ಳಬೇಕು.

ಚಾಕುವಿಗೂ ವ್ಯಾಯಾಮಕ್ಕೂ ನಡುವೆ ಒಂದು ಇದೆ: ಮೂತ್ರನಾಳದ ಗೋಡೆಗೆ ಜೆಲ್‌ನಂಥದ್ದನ್ನು ಇಂಜೆಕ್ಷನ್ ಮಾಡಿ ದಪ್ಪ ಮಾಡುವುದು. ಸ್ಲಿಂಗ್‌ನಷ್ಟು ಫಲ ಇಲ್ಲ, ಮತ್ತೆ ಮಾಡಿಸಬೇಕಾಗಬಹುದು, ಆದರೆ ಕೊಯ್ಯುವುದಿಲ್ಲ, ಜಾಲರಿಯೂ ಇಲ್ಲ.

ಉಲ್ಟಾ ಕಡೆಯಿಂದ ಬಂದವರು

ಜಾರಿದೆ ಎಂದು ಆಪರೇಷನ್‌ಗೆ ಹೋಗಿ ಕ್ಯಾನ್ಸರ್ ಸಿಗುವವರೂ ಇದ್ದಾರೆ. ಮುಟ್ಟು ನಿಂತ ಮೇಲೆ ಒಂದೇ ಒಂದು ಸಲ ರಕ್ತ ಕಂಡಿದ್ದರೂ ಒಳಪದರ ನೋಡದೆ, ಬೇಕಾದರೆ ಬಯಾಪ್ಸಿ ಮಾಡದೆ ಜಾರಿದ್ದನ್ನು ಹೊಲಿಸಿಕೊಳ್ಳಬಾರದು. ಗರ್ಭಕೋಶ ಉಳಿಸಿ ಎತ್ತಿ ಕಟ್ಟುವ ಆಪರೇಷನ್ ಅಂಥವರಿಗೆ ಬೇಡ. ಪೂರ್ತಿ ಹೊರಬಂದ ಗರ್ಭಕೋಶದ ಬಾಯಿಯಲ್ಲಿ ಬಟ್ಟೆ, ತೊಡೆ ಉಜ್ಜಿ ಹುಣ್ಣಾಗುವುದು ಮಾಮೂಲು. ಅಂಚು ನೀಟಾಗಿದ್ದು, ಒಳಗೆ ತಳ್ಳಿ ಮುಲಾಮಿನಲ್ಲಿ ನೆನೆಸಿದ ಬಟ್ಟೆ ಇಟ್ಟರೆ ಕೆಲವು ವಾರದಲ್ಲಿ ಮಾಗುತ್ತದೆ. ಮಾಗದ, ಅಂಚು ಗಟ್ಟಿಯಾದ, ಮುಟ್ಟಿದರೆ ರಕ್ತ ಬರುವ ಹುಣ್ಣನ್ನು ಉಜ್ಜಿದ ಹುಣ್ಣು ಎಂದು ಬಿಡಬಾರದು, ಚೂರು ತೆಗೆದು ಪರೀಕ್ಷೆ ಆಗಬೇಕು.

ಇನ್ನೊಂದು ಸಂದರ್ಭದಲ್ಲಿ ಒಟ್ಟಿಗೆ ಮಾಡಿಸುವುದೇ ಸಹಜ. ತುಂಬಾ ವಯಸ್ಸಾಗಿದೆ, ಹೊಟ್ಟೆ ಉಬ್ಬಿಸಿ ಮಾಡುವ ಕೀಹೋಲ್ ತಡೆಯುವ ಶಕ್ತಿ ಇಲ್ಲ, ಗರ್ಭಕೋಶ ಜಾರಿದೆ, ಒಳಪದರದಲ್ಲಿ ಕಡಿಮೆ ಗ್ರೇಡಿನ ಕ್ಯಾನ್ಸರ್. ಅಂಥವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಯೋನಿಯ ದಾರಿಯಲ್ಲೇ ಗರ್ಭಕೋಶ ತೆಗೆದು, ಅದೇ ದಾರಿಯಲ್ಲಿ ಗೋಡೆ ಹೊಲಿದು ಬರಬಹುದು. ಲಿಂಫ್ ಗ್ರಂಥಿ ನೋಡಲು ಆಗುವುದಿಲ್ಲ, ಹೊಟ್ಟೆಯೊಳಗೆ ಕಣ್ಣಾಡಿಸಲೂ ಆಗುವುದಿಲ್ಲ, ಅಷ್ಟು ಬಿಟ್ಟುಕೊಡಬೇಕು.

ಯಾರು ಮಾಡುತ್ತಾರೆ, ದುಡ್ಡು ಯಾರು ಕಟ್ಟುತ್ತಾರೆ

ಕ್ಯಾನ್ಸರ್ ಆಪರೇಷನ್ ಮಾಡುವ ಗೈನಿಕ್ ಆಂಕಾಲಜಿಸ್ಟ್ ಬೇರೆ, ಪೆಲ್ವಿಕ್ ಫ್ಲೋರ್ ನೋಡುವ ಯೂರೋಗೈನಕಾಲಜಿಸ್ಟ್ ಬೇರೆ. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ, ಒಂದೇ ದಿನ ಸಿಗುವುದು ದೊಡ್ಡ ಊರುಗಳಲ್ಲೇ ಕಷ್ಟ. ಇಬ್ಬರ ಡೇಟು ಕೂಡಿ ಬರಲಿ ಎಂದು ಕ್ಯಾನ್ಸರ್ ಆಪರೇಷನ್ ಒಂದು ತಿಂಗಳು ಮುಂದೆ ಹೋಗುವುದಾದರೆ ಒಟ್ಟಿಗೆ ಮಾಡಿಸುವ ಆಸೆಯನ್ನು ಅಲ್ಲಿಗೇ ಬಿಡಿ. ವರ್ಷಕ್ಕೆ ಎಷ್ಟು ಸ್ಲಿಂಗ್ ಹಾಕುತ್ತೀರಿ ಡಾಕ್ಟ್ರೇ ಎಂದು ಕೇಳಲು ಸಂಕೋಚ ಬೇಡ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮಾಡಿಸುವವರು ಎರಡನೇ ಆಪರೇಷನ್ ಅದೇ ಮಂಜೂರಾತಿಯಲ್ಲಿ ಸೇರುತ್ತದಾ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಖಾಸಗಿ ವಿಮೆಯಾದರೆ ಕ್ಯಾಶ್‌ಲೆಸ್ ಅರ್ಜಿಯಲ್ಲಿ ಎರಡೂ ಆಪರೇಷನ್ ಹೆಸರು ಇರಬೇಕು, ಆಮೇಲೆ ಸೇರಿಸಿದರೆ ಬಿಲ್ಲಿನ ಹೊತ್ತಿಗೆ ತಕರಾರು.

ಕೊನೆಗೆ ಒಪ್ಪಿಗೆ ಪತ್ರ. ಆಪರೇಷನ್ ಹಿಂದಿನ ರಾತ್ರಿ ಸಹಿ ಹಾಕಿಸಿಕೊಳ್ಳುವ ಆ ಹಾಳೆಯಲ್ಲಿ ಕ್ಯಾನ್ಸರ್ ಆಪರೇಷನ್ ಒಂದು ಸಾಲು, ಮೂತ್ರ ಅಥವಾ ಜಾರುವಿಕೆಯ ಆಪರೇಷನ್ ಇನ್ನೊಂದು ಸಾಲು, ಹೀಗೆ ಬೇರೆ ಬೇರೆ ಬರೆಸಿ. ಅದರ ಕೆಳಗೆ "ಒಳಗೆ ನೋಡಿದಾಗ ರೋಗ ಹರಡಿದ್ದರೆ, ಅಥವಾ ಟೇಬಲ್ ಮೇಲಿರುವಾಗಲೇ ಬರುವ ಫ್ರೋಜನ್ ಸೆಕ್ಷನ್ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಗರ್ಭಕೋಶದ ಗೋಡೆಯ ಆಳಕ್ಕೆ ಹೋಗಿದ್ದರೆ, ಟೇಪು ಮತ್ತು ಜಾಲರಿ ಹಾಕುವುದು ಬೇಡ" ಎಂದು ಕನ್ನಡದಲ್ಲೇ ಒಂದು ಸಾಲು ಸೇರಿಸಿ. ಅದನ್ನು ಡಾಕ್ಟರು ಓದಿ ಪಕ್ಕದಲ್ಲಿ ಸಹಿ ಹಾಕಿದ ಮೇಲೆ ನೀವು ಹಾಕಿ.